ಬೆಟ್ಟದ ಹದ್ದು, ಕೊಟ್ಟಿಗೆಯ ಸೂಜಿ

ರಾಮನಗರದ ರಾಮದೇವರ ಬೆಟ್ಟ ರಣಹದ್ದು ವನ್ಯಜೀವಿಧಾಮದ ವಿಸ್ತೀರ್ಣ 856 ಎಕರೆ. ಹೆಕ್ಟೇರ್ ಲೆಕ್ಕದಲ್ಲಿ ಸುಮಾರು 346. ರಾಜ್ಯ ಸರ್ಕಾರ 2012ರ ಜನವರಿಯಲ್ಲಿ ಇದನ್ನು ಘೋಷಿಸಿದಾಗ, ರಣಹದ್ದಿಗೆಂದೇ ಮೀಸಲಾದ ದೇಶದ ಮೊದಲ ವನ್ಯಜೀವಿಧಾಮ ಎಂಬ ಹೆಸರು ಬಂತು. ಹುಲಿಗೂ ಆನೆಗೂ ಕಾಡು ಬೇಕೆಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಹೆಣ ತಿನ್ನುವ ಹಕ್ಕಿಗೊಂದು ಬೆಟ್ಟ ಬಿಡಿ ಎಂದು ಕೇಳುವುದು ಅಷ್ಟು ಸಲೀಸಲ್ಲ. ಬೆಂಗಳೂರಿನಿಂದ 50 ಕಿಲೋಮೀಟರ್ ದೂರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರಿನ ಮಗ್ಗುಲಲ್ಲೇ ಅದು ಆಯಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೂ ಅಲ್ಲಿ ಈಗ ಕಾಣಸಿಗುವ ಉದ್ದಕೊಕ್ಕಿನ ರಣಹದ್ದುಗಳನ್ನು ಎಣಿಸಲು ಕೈಬೆರಳು ಸಾಕು. ಇದಕ್ಕೆ ಕಾರಣ ಹುಡುಕಲು ಬೆಟ್ಟ ಹತ್ತಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಉಳಿದರ್ಧ ಸುತ್ತಲಿನ ಹಳ್ಳಿಗಳ ದನದ ಕೊಟ್ಟಿಗೆಯಲ್ಲಿದೆ.

ಬೆಟ್ಟದ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರು ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರನ್ನು ರಾಮನಗರ ಬಹಳ ಕಾಲ ಹೊತ್ತುಕೊಂಡಿತ್ತು. ಊರಿನ ಹೆಸರು ಬದಲಾದ ಮೇಲೂ ಕಲ್ಲಿನ ಹೆಸರು ಹಾಗೇ ಉಳಿಯಿತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಬಂಡೆ ಮಳೆ ಬಿಸಿಲಿಗೆ ಹೋಳುಹೋಳಾಗಿ ಸೀಳಿಕೊಂಡು ನಿಂತಿದೆ. ನೆಟ್ಟಗೆ ನಿಂತ ಗೋಡೆಯಂಥ ಮುಖ, ಅದರ ನಡುವೆ ಅಲ್ಲಲ್ಲಿ ಮೊಳ ಎರಡು ಮೊಳ ಅಗಲದ ಚಾಚು. ಉದ್ದಕೊಕ್ಕಿನ ರಣಹದ್ದಿಗೆ ಬೇಕಾದದ್ದು ಇಷ್ಟೇ. ಬಿಳಿಬೆನ್ನಿನ ರಣಹದ್ದಿನ ಹಾಗೆ ಅದು ಎತ್ತರದ ಮರದಲ್ಲಿ ಗೂಡು ಕಟ್ಟುವ ಜಾತಿಯಲ್ಲ. ಚಿರತೆ, ನಾಯಿ, ಮನುಷ್ಯ ಯಾರೂ ತಲುಪದ ಬಂಡೆಯ ಚಾಚನ್ನು ಹುಡುಕಿಕೊಳ್ಳುತ್ತದೆ. ದೂರದಿಂದ ಅದರ ಗೂಡು ಕಾಣುವುದಿಲ್ಲ, ಕಾಣುವುದು ಹಿಕ್ಕೆ. ಬೂದುಬಣ್ಣದ ಬಂಡೆಯ ಮೇಲೆ ಸುಣ್ಣದ ನೀರು ಚೆಲ್ಲಿದಂತೆ ಇಳಿದ ಬಿಳಿ ಗೆರೆ ಇದ್ದರೆ, ಅದರ ತಲೆಯಲ್ಲಿ ಹದ್ದು ಕೂರುವ ಜಾಗವಿದೆ ಎಂದು ಅರ್ಥ. ಗೆರೆ ತಾಜಾ ಇದ್ದರೆ ಹದ್ದು ಇದೆ. ಮಾಸಿದ್ದರೆ ಬಂದು ಬಹಳ ದಿನವಾಗಿದೆ.

ಮಳೆಗಾಲ ಕಳೆದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ ಹೆಣ್ಣು ಒಂದು ಮೊಟ್ಟೆ ಇಡುತ್ತದೆ. ವರ್ಷಕ್ಕೆ ಒಂದೇ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 50 ದಿನ ಕಾವು ಕೊಡುತ್ತವೆ. ಮರಿ ರೆಕ್ಕೆ ಬಿಚ್ಚಿ ಹಾರಲು ಇನ್ನೂ ಮೂರು ತಿಂಗಳಿಗೂ ಹೆಚ್ಚು ಬೇಕು. ಆ ಮರಿ ಬೆಳೆದು ತಾನೊಂದು ಮೊಟ್ಟೆ ಇಡಲು ಸುಮಾರು ಐದು ವರ್ಷ. ಕೋಳಿಯಂತೆ ಹತ್ತು ಮರಿ ಎಬ್ಬಿಸುವ ಹಕ್ಕಿಯಾದರೆ ಒಂದು ಕೆಟ್ಟ ವರ್ಷವನ್ನು ಮರುವರ್ಷ ತುಂಬಿಕೊಂಡೀತು. ರಣಹದ್ದಿನ ಸಂಸಾರ ನಡೆಯುವುದು ದೊಡ್ಡವು ಬಹಳ ಕಾಲ ಬದುಕುತ್ತವೆ ಎಂಬ ಒಂದೇ ನಂಬಿಕೆಯ ಮೇಲೆ. ದೊಡ್ಡ ಹದ್ದುಗಳೇ ಸಾಯತೊಡಗಿದರೆ ಆ ಲೆಕ್ಕ ಕೈಕೊಡುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಪಕ್ಷಿತಜ್ಞ ಎಸ್. ಸುಬ್ರಮಣ್ಯ ಮತ್ತು ಒ. ಸಿ. ನವೀನ್ 2006ರಲ್ಲಿ ‘ಇಂಡಿಯನ್ ಬರ್ಡ್ಸ್’ ಪತ್ರಿಕೆಯಲ್ಲಿ ರಾಮನಗರದ ಬೆಟ್ಟಗಳಲ್ಲಿ ಉದ್ದಕೊಕ್ಕಿನ ರಣಹದ್ದು ಮರಿ ಮಾಡುತ್ತಿರುವುದನ್ನು ಬರೆದರು. ದೇಶದ ಬೇರೆ ಕಡೆ ರಣಹದ್ದು ಮಾಯವಾಗುತ್ತಿದ್ದ ಕಾಲ ಅದು. ಮಹಾನಗರದ ಬಾಗಿಲಲ್ಲೇ ಗೂಡು ಇದೆ ಎಂಬುದಕ್ಕೆ ಮುದ್ರಿತ ದಾಖಲೆ ಸಿಕ್ಕಿದ್ದು ಮುಂದಿನ ಕೆಲಸಕ್ಕೆ ಬುನಾದಿಯಾಯಿತು.

ಹದ್ದು ಬೆಟ್ಟದಲ್ಲಿ ಮಲಗುತ್ತದೆ, ಊಟ ಮಾತ್ರ ಹೊರಗೆ. ಬೆಳಗಿನ ತಂಪಿನಲ್ಲಿ ಅದು ಹಾರುವುದಿಲ್ಲ. ಐದಾರು ಕಿಲೋ ತೂಗುವ ಮೈಯನ್ನು ಬರೀ ರೆಕ್ಕೆ ಬಡಿದು ಹೊತ್ತುಕೊಂಡು ಹೋಗುವುದು ಅದಕ್ಕೆ ದಂಡ. ಬಿಸಿಲೇರಿ, ಬಂಡೆ ಕಾದು, ಬಿಸಿಗಾಳಿ ಮೇಲೇಳುವವರೆಗೆ ಕಾಯುತ್ತದೆ. ಆಮೇಲೆ ಎರಡು ಮೀಟರ್‌ಗೂ ಹೆಚ್ಚು ಅಗಲದ ರೆಕ್ಕೆ ಚಾಚಿ, ಸುತ್ತು ಹಾಕುತ್ತಾ ಮೇಲೇರಿ, ಅಲ್ಲಿಂದ ಜಾರುತ್ತಾ ಹೋಗುತ್ತದೆ. ದಿನಕ್ಕೆ ನೂರು ಕಿಲೋಮೀಟರ್ ದಾಟುವುದು ಅದಕ್ಕೆ ದೊಡ್ಡದಲ್ಲ. ಮಾಗಡಿಯ ಸಾವನದುರ್ಗ ರೆಕ್ಕೆ ಬಡಿಯದೆ ತಲುಪುವ ದೂರ. ಹಿಂದೆ ಸಾವನದುರ್ಗವೂ ರಣಹದ್ದುಗಳಿಗೆ ಹೆಸರಾದ ಬೆಟ್ಟವೇ. ಚನ್ನಪಟ್ಟಣದ ತೆಂಗಿನ ತೋಟ, ಕನಕಪುರದ ಕಡೆಯ ಕುರುಚಲು ಕಾಡು, ಅದರಾಚೆ ಕಾವೇರಿ ಕಣಿವೆ ಎಲ್ಲವೂ ಒಂದು ದಿನದ ತಿರುಗಾಟದೊಳಗೆ ಬರುತ್ತವೆ. 856 ಎಕರೆಯ ಬೇಲಿ ಹದ್ದಿಗೆ ಮಲಗುವ ಕೋಣೆ ಮಾತ್ರ.

ಸತ್ತ ಹದ್ದಿನ ಹೊಟ್ಟೆಯೊಳಗೆ

ರಣಹದ್ದು ದೇಶದ ತುಂಬ ಇದ್ದ ಹಕ್ಕಿ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಹದ್ದುಗಳು ಕತ್ತು ಇಳಿಬಿಟ್ಟು ತೂಕಡಿಸುವುದನ್ನು, ಆಮೇಲೆ ಕೊಂಬೆಯಿಂದ ಉರುಳಿ ಬೀಳುವುದನ್ನು ಕಂಡರು. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಇಳಿಯಿತು. ಉದ್ದಕೊಕ್ಕಿನದು ಮತ್ತು ಅದರ ಹತ್ತಿರದ ನೆಂಟ ಸಪೂರ ಕೊಕ್ಕಿನದು ಸೇರಿ ಶೇ 97ರಷ್ಟು ಹೋದವು. ಮೊದಲು ವೈರಸ್ ಇರಬಹುದು ಎಂದು ಹುಡುಕಿದರು, ಸಿಗಲಿಲ್ಲ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರಿಗೆ ಒಳಗಿನ ಅಂಗಗಳ ಮೇಲೆ ಸುಣ್ಣ ಸವರಿದಂಥ ಬಿಳಿ ಪುಡಿ ಕಂಡಿತು. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೆಟ್ಟು, ಹೊರಗೆ ಹೋಗಬೇಕಾದದ್ದು ಮೈಯೊಳಗೇ ಹೆಪ್ಪುಗಟ್ಟಿತ್ತು. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಕಾರಣವನ್ನು ಹೆಸರಿಟ್ಟು ಬರೆದರು: ಡೈಕ್ಲೋಫೆನಾಕ್.

ಡೈಕ್ಲೋಫೆನಾಕ್ ಎಂದರೆ ಮನುಷ್ಯರೂ ಮಂಡಿನೋವಿಗೆ ನುಂಗುವ ಮಾತ್ರೆ. ಅಗ್ಗವಾದಾಗ ದನಗಳಿಗೂ ಬಂತು. ಹಸುವಿಗೆ ಕೆಚ್ಚಲು ಬಾವು ಬಂದು ಹಾಲು ಕೊಡುತ್ತಿಲ್ಲ, ಎತ್ತು ಕುಂಟುತ್ತಿದೆ, ಕರು ಹಾಕಿದ ಹಸು ಎದ್ದೇಳುತ್ತಿಲ್ಲ. ಒಂದು ಸೂಜಿ ಚುಚ್ಚಿದರೆ ನೋವು ಇಳಿಯುತ್ತದೆ, ಸಂಜೆಯ ಹಾಲು ಡೇರಿಗೆ ಹೋಗುತ್ತದೆ. ದನಕ್ಕೆ ಇದರಿಂದ ಕೆಡುಕಿಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ, ಆ ಹೆಣ ತಿಂದ ಹದ್ದು ಬದುಕುವುದಿಲ್ಲ. ಇಷ್ಟಕ್ಕೂ ಎಲ್ಲ ಹೆಣದಲ್ಲೂ ಔಷಧ ಇರಬೇಕಾಗಿಲ್ಲ. ಒಂದು ಹೆಣಕ್ಕೆ ಹಲವು ಹದ್ದುಗಳು ಒಟ್ಟಿಗೆ ಇಳಿಯುತ್ತವೆ. ಹೀಗಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಔಷಧ ಇದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕಾಗಿತ್ತು ಎಂದು ಲೆಕ್ಕ ಹಾಕಿದವರು ತೋರಿಸಿದ್ದಾರೆ.

ಹದ್ದು ಹೋದರೆ ಹೋಗಲಿ ಎನ್ನುವವರಿಗೆ ಈಗ ಬೇರೆ ಲೆಕ್ಕವೂ ಇದೆ. ಹೆಣ ಉಳಿದಲ್ಲಿ ನಾಯಿ ಹೆಚ್ಚಿತು, ನೀರು ಕೆಟ್ಟಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಣಹದ್ದು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಅವು ಇಲ್ಲವಾದ ಮೇಲೆ, 2000ದಿಂದ 2005ರವರೆಗಿನ ಅವಧಿಯಲ್ಲಿ ಸುಮಾರು 5 ಲಕ್ಷ ಮಂದಿ ಹೆಚ್ಚುವರಿಯಾಗಿ ಸತ್ತಿದ್ದಾರೆ.

ಬಾಟಲಿಯ ಗಾತ್ರದ ಮೇಲೊಂದು ಮೊಕದ್ದಮೆ

ಕಾನೂನಿನ ಕೆಲಸ ನಡೆದದ್ದು ದೆಹಲಿಯಲ್ಲಿ, ಚೆನ್ನೈನಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಅದರ ಮೊದಲ ಪರಿಚ್ಛೇದದಲ್ಲಿ ರಣಹದ್ದು ಇದೆ, ಕೊಂದವರಿಗೆ ಜೈಲೂ ಇದೆ. ಆದರೆ ಇಲ್ಲಿ ಹದ್ದನ್ನು ಯಾರೂ ಗುಂಡಿಟ್ಟು ಕೊಲ್ಲಲಿಲ್ಲ. ಹಸುವಿಗೆ ಮದ್ದು ಕೊಟ್ಟ ರೈತನನ್ನು ಆ ಕಾಯ್ದೆಯಡಿ ಹಿಡಿಯುವುದು ಆಗದ ಮಾತು, ಹಿಡಿಯುವುದು ನ್ಯಾಯವೂ ಅಲ್ಲ. ಹಾಗಾಗಿ ಹೋರಾಟ ಕಾಡಿನ ಕಾಯ್ದೆ ಬಿಟ್ಟು ಔಷಧದ ಕಾಯ್ದೆಗೆ ಹೋಯಿತು. ಪಶು ಬಳಕೆಯ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸುವಂತೆ ಕೇಂದ್ರ ಔಷಧ ನಿಯಂತ್ರಕರು 2006ರಲ್ಲಿ ಸೂಚಿಸಿದರು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ 2008ರಲ್ಲಿ ಗೆಜೆಟ್ ಅಧಿಸೂಚನೆ ಬಂತು. ಅದೇ ಹೊತ್ತಿಗೆ ಮೆಲೋಕ್ಸಿಕಾಮ್ ಎಂಬ ಬದಲಿ ಔಷಧ ಹದ್ದಿಗೆ ಅಪಾಯಕಾರಿಯಲ್ಲ ಎಂದು ಪರೀಕ್ಷೆಯಲ್ಲಿ ಖಚಿತವಾಗಿತ್ತು. ದನದ ನೋವಿಗೂ ಅದು ಆಗುತ್ತದೆ. ನಿಷೇಧಿಸುವಾಗ ಕೈಗೆ ಬದಲಿ ಕೊಟ್ಟದ್ದು ಈ ಕಥೆಯಲ್ಲಿ ಸರಿಯಾಗಿ ನಡೆದ ಕೆಲಸ.

ತೂತು ಇದ್ದದ್ದು ಬಾಟಲಿಯಲ್ಲಿ. ಮನುಷ್ಯರ ಬಳಕೆಗೆ ಡೈಕ್ಲೋಫೆನಾಕ್ ನಿಷೇಧ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾದ ಇಂಜೆಕ್ಷನ್ 3 ಮಿಲಿಲೀಟರ್. ಆದರೆ ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ 30 ಮಿಲಿಲೀಟರ್ ಬಾಟಲಿ ಕೂತಿತ್ತು. ಹತ್ತು ಜನರಿಗೆ ಆಗುವ ಬಾಟಲಿ ಒಂದು ಹಸುವಿಗೆ ಸರಿಹೋಗುತ್ತದೆ. ಅದು ಯಾರ ಮೈಗೆ ಹೋಗುತ್ತಿತ್ತು ಎಂದು ಅಂಗಡಿಯವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಮನುಷ್ಯರ ಬಳಕೆಯ ಡೈಕ್ಲೋಫೆನಾಕ್ ಇಂಜೆಕ್ಷನ್ನನ್ನು 3 ಮಿಲಿಲೀಟರ್‌ನ ಒಂಟಿ ಡೋಸಿಗೆ ಇಳಿಸಿತು. ಔಷಧ ಕಂಪನಿಗಳು ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದವು. 2017ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಬಾಟಲಿಯ ಗಾತ್ರ ಎಂಬ ಸಪ್ಪೆ ವಿಷಯದ ಮೇಲೆ ಬಂದ ಆ ತೀರ್ಪು ರಾಮನಗರದ ಬಂಡೆಗೆ ಹಾಕಿದ ಯಾವ ಬೇಲಿಗೂ ಕಡಿಮೆಯದಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಡೈಕ್ಲೋಫೆನಾಕ್ ಸಿಗದಾದಾಗ ಅದರ ಅಣ್ಣತಮ್ಮಂದಿರು ಬಂದರು. ಕೀಟೋಪ್ರೊಫೆನ್ ಹದ್ದನ್ನು ಕೊಲ್ಲುತ್ತದೆ ಎಂದು ಮೊದಲೇ ಗೊತ್ತಿತ್ತು. ಎಸಿಕ್ಲೋಫೆನಾಕ್ ಇನ್ನೂ ತಮಾಷೆ: ದನದ ಮೈಯೊಳಗೆ ಹೋದ ಮೇಲೆ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ವೇಷ ಬೇರೆ, ಪಾತ್ರ ಅದೇ. ಈ ಔಷಧಗಳನ್ನು ನಿಲ್ಲಿಸಬೇಕೆಂದು ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. 2023ರ ಜುಲೈ 31ರಂದು ಎರಡರ ಪಶು ಬಳಕೆಯೂ ನಿಷೇಧವಾಯಿತು. 2024ರ ಕೊನೆಯಲ್ಲಿ ನಿಮೆಸುಲೈಡ್ ಕೂಡ ಅದೇ ಪಟ್ಟಿ ಸೇರಿತು. ಮೊದಲ ಸೂಚನೆಯಿಂದ ಇಲ್ಲಿಗೆ 18 ವರ್ಷ. ಒಂದೊಂದು ಔಷಧವೂ ಹದ್ದನ್ನು ಕೊಲ್ಲುತ್ತದೆ ಎಂದು ಬೇರೆಬೇರೆಯಾಗಿ ಸಾಬೀತಾಗುವವರೆಗೆ ಅಂಗಡಿಯಲ್ಲಿ ಇರುವುದೇ ಈಗಿನ ಪದ್ಧತಿ. ಹದ್ದಿಗೆ ಸುರಕ್ಷಿತ ಎಂದು ತೋರಿಸಿದ ಮೇಲೆ ಪಶು ಔಷಧವಾಗಿ ಬರಲಿ ಎಂದು ಸಂರಕ್ಷಣೆಯವರು ಕೇಳುತ್ತಿರುವುದು ಇದಕ್ಕೇ.

ಶೋಲೆ ಮತ್ತು ಮೆಟ್ಟಿಲು

ಬೆಟ್ಟದ ಕಡೆ ಊರಿನವರ ಪಾಲಿನ ಕೆಲಸ ಬೇರೆ ತರಹದ್ದು. 1975ರಲ್ಲಿ ತೆರೆಗೆ ಬಂದ ‘ಶೋಲೆ’ ಇಲ್ಲಿ ಚಿತ್ರೀಕರಣವಾಯಿತು. ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು ಎಂದು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳಿಗೆ ಸಾವನದುರ್ಗದ ಸೀಮೆಯನ್ನೇ ಆರಿಸಿಕೊಂಡ. ಆಮೇಲೆ ಬಂದವರು ಬಂಡೆ ಹತ್ತುವವರು. ಇಷ್ಟು ನೆಟ್ಟಗಿನ ಗ್ರಾನೈಟ್ ಬೆಂಗಳೂರಿನ ಹತ್ತಿರ ಬೇರೆಲ್ಲಿ ಸಿಗಬೇಕು? ಹಗ್ಗ ಕಟ್ಟಿ, ಬಂಡೆಗೆ ಮೊಳೆ ಹೊಡೆದು ಹತ್ತುವ ಹಾದಿಯೂ ಹದ್ದು ಗೂಡಿಡುವ ಚಾಚೂ ಒಂದೇ ಗೋಡೆಯಲ್ಲಿದ್ದರೆ ಯಾರಾದರೊಬ್ಬರು ಬಿಡಬೇಕು. ಕಾವು ಕೂತ ಹದ್ದು ಬೆದರಿ ಎದ್ದು ಹೋದರೆ ಆ ವರ್ಷದ ಒಂದೇ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಕರ್ನಾಟಕ ರಣಹದ್ದು ಸಂರಕ್ಷಣಾ ಟ್ರಸ್ಟ್‌ನಂಥ ಸ್ಥಳೀಯ ಸಂಘಟನೆಗಳು, ಬೆಂಗಳೂರಿನ ಪಕ್ಷಿಪ್ರಿಯರು ಗೂಡುಗಳನ್ನು ಎಣಿಸಿ, ಅರಣ್ಯ ಇಲಾಖೆಗೆ ಬರೆದು, ಒತ್ತಾಯಿಸಿದ ಫಲವಾಗಿ ಈ ಬೆಟ್ಟಕ್ಕೆ ರಕ್ಷಣೆ ಸಿಕ್ಕಿತು. ಈಗ ಬೆಟ್ಟದ ಮೇಲಿನ ರಾಮನ ಗುಡಿಗೆ ಮೆಟ್ಟಿಲ ದಾರಿ ಬಿಟ್ಟಿದೆ. ಹದ್ದಿನ ಬಂಡೆಯ ಕಡೆ ಹತ್ತಲು ಬಿಡುವುದಿಲ್ಲ.

ಶೋಲೆ ಹೆಸರಿನಲ್ಲಿ ಪ್ರವಾಸಿ ತಾಣ ಮಾಡುವ ಮಾತು ಆಗಾಗ ಏಳುತ್ತದೆ, ಹದ್ದಿನ ಹೆಸರಿನಲ್ಲಿ ವಿರೋಧವೂ ಏಳುತ್ತದೆ. ಬೆಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಥ ವಲಯದಲ್ಲಿ ಕಲ್ಲು ಗಣಿ, ಜಲ್ಲಿ ಕ್ರಷರ್ ನಡೆಯುವಂತಿಲ್ಲ. ಗ್ರಾನೈಟ್‌ಗೆ ಬೆಲೆ ಬಂದಿರುವ ಸೀಮೆಯಲ್ಲಿ ಇದು ಬರೀ ಕಾಗದದ ಮಾತಲ್ಲ. ಬಂಡೆ ಸಿಡಿಸಿ ಜಲ್ಲಿ ಮಾಡಿದ ಬೆಟ್ಟಕ್ಕೆ ಹದ್ದು ಮತ್ತೆ ಬಂದು ಕೂರುವುದಿಲ್ಲ.

ಹೆಣ ಎಲ್ಲಿ?

ಗೂಡಿಗೆ ರಕ್ಷಣೆ ಬಂತು, ವಿಷಕ್ಕೆ ನಿಷೇಧ ಬಂತು. ಮೂರನೆಯ ತೊಡಕು ಊಟದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರು ಹಾಲು ಒಕ್ಕೂಟಕ್ಕೆ ಹಾಲು ಹಾಕುವ ತಾಲ್ಲೂಕುಗಳು. ದನ ಕಡಿಮೆಯಾಗಿಲ್ಲ, ದನದ ಜಾತಿ ಬದಲಾಗಿದೆ. ಉಳುವ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಗೋಮಾಳದಲ್ಲಿ ಮೇಯುತ್ತಿದ್ದ ನಾಟಿ ಹಸುವಿನ ಜಾಗಕ್ಕೆ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆಹಸು ಬಂತು. ಸೀಮೆಹಸುವಿಗೆ ಕಾಯಿಲೆ ಜಾಸ್ತಿ, ಹಾಗಾಗಿ ಸೂಜಿಯೂ ಜಾಸ್ತಿ. ಸತ್ತರೆ ಜೆಸಿಬಿ ಕರೆಸಿ ಗುಂಡಿ ತೆಗೆಸಿ ಹೂಳುತ್ತಾರೆ. ಹಿಂದೆ ಸತ್ತ ದನವನ್ನು ಊರಾಚೆಗೆ ಎಳೆದು ಚರ್ಮ ಬಿಡಿಸುವ ಕೆಲಸವನ್ನು ಜಾತಿಯ ಹೆಸರಲ್ಲಿ ದಲಿತರ ತಲೆಗೆ ಕಟ್ಟಿತ್ತು ಊರು. ಆ ಕೆಲಸ ಒಲ್ಲೆವೆಂದು ಅವರು ಬಿಟ್ಟದ್ದು ಸರಿಯಾದದ್ದೇ. ಹದ್ದಿನ ಹಳೆಯ ಕಾಲವನ್ನು ಹಾಡಿ ಹೊಗಳುವವರು ಆ ಕಾಲದ ಈ ಭಾಗವನ್ನು ಬಿಟ್ಟು ಹಾಡುತ್ತಾರೆ. ಬಿಟ್ಟ ಕೆಲಸವನ್ನು ಈಗ ಯಾರು, ಯಾವ ಕೂಲಿಗೆ, ಯಾವ ಮರ್ಯಾದೆಯಲ್ಲಿ ಮಾಡಬೇಕು ಎಂಬುದಕ್ಕೆ ಸಂರಕ್ಷಣೆಯ ಯೋಜನೆಗಳಲ್ಲಿ ಉತ್ತರ ಇರಬೇಕಾಗುತ್ತದೆ.

ಒಂದು ಉಪಾಯ ಹದ್ದಿಗೆ ಊಟ ಬಡಿಸುವುದು: ನೋವಿನ ಔಷಧ ಕಾಣದ ದನದ ಹೆಣವನ್ನು ಗೊತ್ತಾದ ಜಾಗದಲ್ಲಿ ತಂದಿಡುವುದು. ನೇಪಾಳದಲ್ಲಿ ಹಳ್ಳಿಗರೇ ಇದನ್ನು ನಡೆಸಿದ್ದಾರೆ. ಮುದಿ ದನಗಳನ್ನು ಸಾಕಿ, ತಾವಾಗಿ ಸತ್ತ ಮೇಲೆ ಹದ್ದಿಗೆ ಬಿಡುತ್ತಾರೆ. ರಾಮನಗರದಲ್ಲೂ ಈ ಬೇಡಿಕೆ ಕೇಳಿಬಂದಿದೆ. ಮೇಲ್ನೋಟಕ್ಕೆ ಸುಲಭ. ಆದರೆ ಬೆಟ್ಟದಲ್ಲಿ ಕರಡಿಯೂ ಚಿರತೆಯೂ ಇವೆ, ಊರಿನ ನಾಯಿಗಳು ಹತ್ತಿರ ಇವೆ, ಗುಡಿಗೆ ಬರುವ ಜನ ಇದ್ದಾರೆ. ಹೆಣ ಹಾಕಿದಲ್ಲಿಗೆ ಮೊದಲು ಬರುವುದು ಹದ್ದೇ ಎಂದು ಹೇಳುವಂತಿಲ್ಲ. ಹೆಣದೊಳಗೆ ಔಷಧ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಬಡಿಸಿದರೆ ಊಟವೇ ವಿಷ.

ಕೇಂದ್ರ ಪರಿಸರ ಸಚಿವಾಲಯದ 2020–25ರ ರಣಹದ್ದು ಸಂರಕ್ಷಣಾ ಯೋಜನೆ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಹೊಸ ಸಂತಾನೋತ್ಪತ್ತಿ ಕೇಂದ್ರಗಳನ್ನು ಹೇಳಿತು. ಅದರಷ್ಟೇ ಮುಖ್ಯವಾಗಿ ಪ್ರತಿ ರಾಜ್ಯದಲ್ಲೂ ಒಂದಾದರೂ ‘ರಣಹದ್ದು ಸುರಕ್ಷಿತ ವಲಯ’ ಬೇಕೆಂದಿತು. ಗೂಡಿನಿಂದ 100 ಕಿಲೋಮೀಟರ್ ತ್ರಿಜ್ಯದೊಳಗೆ ಎಲ್ಲೂ ಹದ್ದಿಗೆ ವಿಷವಾಗುವ ಔಷಧ ದನಕ್ಕೆ ಹೋಗದಂತೆ ನೋಡಿಕೊಳ್ಳುವ ಪ್ರದೇಶ ಅದು. ರಾಮದೇವರ ಬೆಟ್ಟವನ್ನು ನಡುವಿಟ್ಟು ನಕ್ಷೆಯ ಮೇಲೆ ಅಂಥ ವೃತ್ತ ಎಳೆದರೆ ಬೆಂಗಳೂರು, ತುಮಕೂರು, ಮಂಡ್ಯ, ಮೈಸೂರು ಒಳಗೆ ಬೀಳುತ್ತವೆ. ತಮಿಳುನಾಡಿನ ಹೊಸೂರೂ ಬೀಳುತ್ತದೆ. ವೃತ್ತ 31 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ವನ್ಯಜೀವಿಧಾಮ ಮೂರೂವರೆ ಚದರ ಕಿಲೋಮೀಟರ್. ಇಷ್ಟು ಅಂತರವನ್ನು ಫಾರೆಸ್ಟ್ ಗಾರ್ಡ್ ಕಾಯಲಾರ. ಕಾಯಬೇಕಾದವರು ಪಶುವೈದ್ಯರು, ಮೆಡಿಕಲ್ ಸ್ಟೋರಿನವರು, ಡೇರಿ ಸಂಘದವರು, ಹಸು ಸಾಕಿದವರು. ತಮಿಳುನಾಡಿನ ನೀಲಗಿರಿಯ ತಪ್ಪಲಲ್ಲಿ, ಮೋಯಾರ್ ಕಣಿವೆಯ ಸುತ್ತ ಅರುಳಗಂ ಎಂಬ ಸಂಸ್ಥೆ ಹಳ್ಳಿಹಳ್ಳಿ ತಿರುಗಿ ಮಾಡಿದ್ದು ಈ ಕೆಲಸವನ್ನೇ.

ಕನಕಪುರದ ಬಿಳಿ ಮೀನು

ಕಾನೂನು ಬಂದರೆ ಜನ ತಾವಾಗಿ ಜೊತೆ ಬರುತ್ತಾರೆ ಎನ್ನುವಂತಿಲ್ಲ. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕನಕಪುರದ ಸಂಗಮದಿಂದ ಕೆಳಕ್ಕೆ ಕಾವೇರಿ ಹರಿಯುವಲ್ಲಿ, ಬೇರೆ ಪಾಠವಿದೆ. ಊರವರು ಬಿಳಿ ಮೀನು ಎನ್ನುವ ಡುಬ್ಬದ ಮಹಶೀರ್ ಒಬ್ಬ ಮನುಷ್ಯ ಎತ್ತಲಾರದಷ್ಟು ಬೆಳೆಯುತ್ತಿದ್ದ ಮೀನು. 1970ರ ದಶಕದಿಂದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಪಾಲನ್ನು ಗುತ್ತಿಗೆ ಪಡೆದು, ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದ ಕೆಲವರನ್ನೇ ಕಾವಲಿಗೆ ಇಟ್ಟುಕೊಂಡಿತು. ಗಾಳ ಹಾಕಿ ಹಿಡಿದು, ಅಳೆದು, ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳು ಕೊಟ್ಟ ದುಡ್ಡು ಅವರ ಸಂಬಳವಾಯಿತು. 1987ರಲ್ಲಿ ಆ ಪ್ರದೇಶ ಕಾವೇರಿ ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಗಟ್ಟಿಯಾಗಿ, 2012ರ ಸುಮಾರಿಗೆ ಆ ಶಿಬಿರಗಳಲ್ಲಿ ಗಾಳ ನಿಂತಿತು. ಕಾವಲಿಗಿದ್ದವರ ಕೂಲಿಯೂ ಅದರ ಜೊತೆ ಹೋಯಿತು.

ಹವ್ಯಾಸಿಗಳೇ ಎಲ್ಲ ಸರಿ ಮಾಡುತ್ತಿದ್ದರು ಎಂದಲ್ಲ. ಅವರು ಬರೆದಿಟ್ಟ ಪುಸ್ತಕಗಳಿಂದಲೇ ಮುಂದೆ ಗೊತ್ತಾದದ್ದು, ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ, ಈ ಹೊಳೆಯದೇ ಆದ ಡುಬ್ಬದ ಮೀನು ಅಷ್ಟೂ ವರ್ಷ ಇಳಿಯುತ್ತಲೇ ಇತ್ತು ಎಂಬುದು. ಅದಕ್ಕೆ ವಿಜ್ಞಾನದಲ್ಲಿ ಸರಿಯಾದ ಹೆಸರು ಗೊತ್ತುಮಾಡಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹೊಳೆಯ ದಂಡೆಯ ಮೇಲೆ ಕಣ್ಣಿಡುವವರನ್ನು ಕಳೆದುಕೊಂಡು ಕಾನೂನನ್ನು ಮಾತ್ರ ಇಟ್ಟುಕೊಂಡರೆ, ನೀರೊಳಗೆ ಏನಾಗುತ್ತಿದೆ ಎಂದು ಬರೆದಿಡುವವರೂ ಇರುವುದಿಲ್ಲ.

ಹದ್ದಿನ ವಿಷಯಕ್ಕೆ ಬಂದರೆ, ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು ಅಂಥ ಕಷ್ಟದ್ದೇನಲ್ಲ. ಪಶುವೈದ್ಯರು ಬಂದಾಗ ನೋವಿನ ಸೂಜಿಗೆ ಮೆಲೋಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲ ಕೇಳುವುದು. ಹದ್ದಿಗೆ ತೊಂದರೆಯಿಲ್ಲವೆಂದು ಪರೀಕ್ಷೆಯಲ್ಲಿ ಕಂಡ ಔಷಧಗಳು ಇವು. ವೈದ್ಯರಲ್ಲದವರ ಕೈಲಿ ಬಾಟಲಿಯ ಹೆಸರು ನೋಡದೆ ಚುಚ್ಚಿಸದಿರುವುದು. ಡೈಕ್ಲೋಫೆನಾಕ್ ಚುಚ್ಚಿದ ದನದ ಯಕೃತ್ತಿನಲ್ಲಿ ಔಷಧ ಸುಮಾರು ಮೂರು ದಿನ ಉಳಿಯುತ್ತದೆ. ಹಾಗೆ ಸೂಜಿ ಬಿದ್ದ ಹಸು ಅಷ್ಟರೊಳಗೆ ಸತ್ತರೆ ಅದು ಆಳವಾದ ಗುಂಡಿಗೇ ಹೋಗಬೇಕು.